ಪಂಚಮಿ ವೀಸಾ

ಯೂನಿಯನ್ ಸಿಟಿಯ ಬಂಗಾರೆವ್ವನಿಗೆ ಅಮೆರಿಕದಲ್ಲಿ ತನ್ನದೆಂದು ಹೇಳಿಕೊಳ್ಳಲು ನಮ್ಮ ಎಂ.ಪಿ.ಯಂಥ ಒಬ್ಬ ಕಾಂಗ್ರೆಸ್‌ಮನ್ ಇದ್ದ. ಉಳಿದ ಹೆಂಗಸರಿಗೆ ಎರಡನೆಯ ಕಾರಿತ್ತು, ಪಾತ್ರೆ ತೊಳೆಯುವ ಮಷೀನಿತ್ತು, ಒಬ್ಬಳಿಗಂತೂ ಲಾಸ್ ಗ್ಯಾಟೋಸಿನ ಗುಡ್ಡದ ಮೇಲೆ ಮನೆ ಕೊಂಡ ಡಾಕ್ಟರ್ ಗಂಡನೇ ಇದ್ದ. ಅದಕ್ಕೆಲ್ಲ ಬಂಗಾರೆವ್ವ ಸೊಪ್ಪು ಹಾಕುತ್ತಿರಲಿಲ್ಲ. ಕನ್ನಡದವರ ಯಾವ ಮನೆಯ ಊಟಕ್ಕೆ ಹೋದರೂ, "ನಮ್ಮ ಕೆಲ್ಸೊ ಸಾಹೇಬ್ರು ಮೊನ್ನೆ ವಾಷಿಂಗ್ಟನ್ನಿನ್ಯಾಗ ನಮ್ಮ ಸುದ್ದಿನ ಮಾತಾಡಿದ್ರಂತ" ಎಂದು ಒಂದು ಮಾತು ಎಸೆದು ಸುಮ್ಮನೆ ಪಲ್ಯ ಬಡಿಸಿಕೊಳ್ಳುತ್ತಿದ್ದಳು.

ಕಾಂಗ್ರೆಸ್‌ಮನ್ ಬಂಗಾರೆವ್ವನ ಬದುಕಿಗೆ ಬಂದದ್ದು ತಮ್ಮನ ದೆಸೆಯಿಂದ. ತಮ್ಮ ವಿರುಪಾಕ್ಷಪ್ಪ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದ. ಅವನನ್ನು ಹೆತ್ತ ತಾಯಿ ಬಾಣಂತಿತನದಲ್ಲೇ ಹೋದಳು. ಎತ್ತಿ ಆಡಿಸಿ, ಬಾಯಿ ಒರೆಸಿ, ಶಾಲೆಗೆ ನೂಕಿ ದೊಡ್ಡವನನ್ನು ಮಾಡಿದ್ದು ಅಕ್ಕ. ಬಂಗಾರೆವ್ವನಿಗೆ ಮಕ್ಕಳಾಗಲಿಲ್ಲ. ಹೀಗಾಗಿ ಅಮೆರಿಕದಲ್ಲಿ ಅವಳು ಬೇಡಿದ್ದು ಒಂದೇ, ವಿರುಪಾಕ್ಷಿ ಇಲ್ಲಿಗೆ ಬರಬೇಕು. ಅಣ್ಣತಮ್ಮಂದಿರನ್ನು ಕರೆಸಿಕೊಳ್ಳುವ ಹಕ್ಕು ಈ ದೇಶದ ನಾಗರಿಕರಿಗೆ ಮಾತ್ರ ಎಂದು ತಿಳಿದ ದಿನವೇ, ಗಂಡ ಗುರುಶಾಂತಪ್ಪ ಬೇಡಬೇಡವೆಂದರೂ ಕೇಳದೆ, ಪರೀಕ್ಷೆ ಬರೆದು ಕೈ ಎತ್ತಿ ಪ್ರಮಾಣ ಮಾಡಿ ಅಮೆರಿಕದವಳಾಗಿಬಿಟ್ಟಳು. ಮನೆಗೆ ಬಂದು ಅತ್ತಳು, ಅದು ಬೇರೆ ಮಾತು.

ಅಲ್ಲಿನ ಕಾನೂನಿನಲ್ಲಿ ನೆಂಟರಿಗೆಲ್ಲ ಒಂದೊಂದು ವರ್ಗ. ಅಣ್ಣತಮ್ಮ ಅಕ್ಕತಂಗಿಯರು ಐದನೆಯದು. ಎಲ್ಲರೂ ಅದನ್ನು ಫಿಫ್ತ್ ಪ್ರಿಫರೆನ್ಸ್ ಎನ್ನುತ್ತಿದ್ದರು. ಬಂಗಾರೆವ್ವನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಅವಳು ಪಂಚಮಿ ವೀಸಾ ಎಂದಳು. ತಪ್ಪೇನಿಲ್ಲ. ಅವಳ ಕಡೆ ನಾಗರ ಪಂಚಮಿಯೆಂದರೆ ಅಣ್ಣತಮ್ಮಂದಿರ ಹಬ್ಬ. ಗಂಡನ ಮನೆಯಲ್ಲಿರುವ ಹೆಣ್ಣುಮಗಳನ್ನು ಕರೆದೊಯ್ಯಲು ತವರಿನಿಂದ ಒಬ್ಬ ಗಂಡುಮಗ ಬರಬೇಕು, ಅವಳಿಗಾಗಿ ಜೋಕಾಲಿ ಕಟ್ಟಬೇಕು, ಉಂಡಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಕು. ಒಡಹುಟ್ಟಿದವರ ವರ್ಗ ಐದನೆಯದಾದರೆ ಅದು ಪಂಚಮಿಯಲ್ಲದೆ ಷಷ್ಠಿಯಾಗುತ್ತದೆಯೇ?

ವರ್ಷಗಟ್ಟಲೆ ಕಾದ ಮೇಲೆ ಸುದ್ದಿ ಬಂತು. ವಲಸೆಯ ಕಾನೂನನ್ನೇ ಬದಲಿಸುವ ಮಸೂದೆ ಬರುತ್ತಿದೆ, ಅದರಲ್ಲಿ ಈ ಐದನೆಯ ವರ್ಗವನ್ನೇ ತೆಗೆದುಹಾಕುವ ಮಾತಿದೆ. ಆಗ ಮೈಸೂರಿನ ನಿರುಪಮಾ ನೆರವಿಗೆ ಬಂದಳು. ಅದೇ ಬೀದಿಯಲ್ಲಿದ್ದ ಅವಳು ಬಿಡುವಿದ್ದಾಗ ಕಾಂಗ್ರೆಸ್‌ಮನ್ ವಾರೆನ್ ಕೆಲ್ಸೊನ ಆಫೀಸಿನಲ್ಲಿ ಫೋನು ತೆಗೆದುಕೊಳ್ಳುತ್ತಿದ್ದಳು. "ಬಂಗಾರಕ್ಕ, ಸಾಹೇಬ್ರನ್ನ ನಿಮ್ ಮನೆಗೇ ಕರ್ಕೊಂಡ್ ಬರ್ತೀನಿ. ನಿಮ್ ಕಥೆ ನೀವೇ ಹೇಳಿ. ಅವ್ರಿಗೆ ಕಥೆ ಅಂದ್ರೆ ಪ್ರಾಣ" ಎಂದಳು.

ಕೆಲ್ಸೊ ಬಂದ. ಎತ್ತರದ, ಸ್ವಲ್ಪ ಬೆನ್ನು ಬಾಗಿದ, ಕೇಳುವಾಗ ಕಣ್ಣು ಮುಚ್ಚುವ ಮನುಷ್ಯ. ಶೇಂಗಾ ಉಂಡಿ ತಿಂದ, ಇನ್ನೊಂದು ಕೇಳಿ ತಿಂದ. ಬಂಗಾರೆವ್ವ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಪಂಚಮಿಯ ಕಥೆ ಹೇಳಿದಳು. ತಾನು ಗಂಡನ ಮನೆಗೆ ಬಂದ ಮೊದಲ ವರ್ಷ ವಿರುಪಾಕ್ಷಿ ಇನ್ನೂ ಹುಡುಗ, ಚಡ್ಡಿ ಜಗ್ಗಿಕೊಳ್ಳುತ್ತಾ ಒಬ್ಬನೇ ಬಸ್ಸು ಹತ್ತಿ ಅಕ್ಕನನ್ನು ಕರೆಯಲು ಬಂದಿದ್ದನೆಂದಳು. ಕೆಲ್ಸೊ ಕಣ್ಣು ತೆರೆದ. ಪಂಚಮಿ ಎಂದರೆ ಐದನೆಯದು ಎಂದು ಕೇಳಿ ತೊಡೆ ತಟ್ಟಿದ. "ಈ ಪದವನ್ನು ನನಗೆ ಕೊಡಿ, ನಾನು ಇದನ್ನು ವಾಷಿಂಗ್ಟನ್ನಿಗೆ ಒಯ್ಯುತ್ತೇನೆ" ಎಂದ.

ಬಂಗಾರೆವ್ವ ಕೊಟ್ಟಳು. ಅವನು ಒಯ್ದದ್ದೂ ನಿಜ. ಅವನು ಸದನದಲ್ಲಿ ಪಂಚಮಿಯ ಮಾತೆತ್ತಿದನೆಂದು ನಿರುಪಮಾ ಬಂದು ಹೇಳಿದ ದಿನ ಬಂಗಾರೆವ್ವ ಬೀದಿಯ ಮನೆಗಳಿಗೆಲ್ಲ ಉಂಡಿ ಹಂಚಿದಳು. ತಮ್ಮನಿಗೆ ಪತ್ರ ಬರೆದಳು. "ಅಲ್ಲಿಯೂ ಕಾಂಗ್ರೆಸ್ಸೇ ಏನಕ್ಕಾ?" ಎಂದು ಅವನು ತಿರುಗಿ ಬರೆದ.

ಹೀಗೆ ಎಲ್ಲ ಸರಿಯಾಗಿದ್ದಾಗಲೇ ನಡುವೆ ಎರ್ಲಿಂಡಾ ಬಂದದ್ದು.

ಒಂದು ದಿನ ಬಂಗಾರೆವ್ವ ಸಾಹೇಬರಿಗೆಂದು ಡಬ್ಬಿ ತುಂಬ ಎಳ್ಳುಂಡಿ ಕಟ್ಟಿಕೊಂಡು ಆಫೀಸಿಗೆ ಹೋದರೆ ಅವನಿರಲಿಲ್ಲ. "ಚರ್ಚಿಗೆ ಹೋಗಿದಾರೆ ಬಂಗಾರಕ್ಕ. ಎಲ್ ಸಾಲ್ವಡಾರಿಂದ ಓಡಿ ಬಂದೋರು ಒಂದಿಷ್ಟು ಜನ ಅಲ್ಲಿದಾರೆ, ಪಾಪ. ಅಲ್ಲಿ ಯುದ್ಧ. ವಾಪಸ್ ಕಳಿಸಿದ್ರೆ ಕೊಂದೇ ಹಾಕ್ತಾರಂತೆ. ಸರ್ಕಾರ ಅವ್ರಿಗೆ ಆಶ್ರಯ ಕೊಡಲ್ಲ ಅನ್ನುತ್ತೆ, ಚರ್ಚಿನವ್ರು ನಾವು ಕೊಡ್ತೀವಿ ಅಂತ ಇಟ್ಕೊಂಡಿದಾರೆ. ಬನ್ನಿ, ನಾನೂ ಅಲ್ಲಿಗೇ ಹೊರಟೆ" ಎಂದು ನಿರುಪಮಾ ಕಾರು ಹತ್ತಿಸಿಕೊಂಡಳು.

ಚರ್ಚಿನ ಹಿಂದಿನ ಹಾಲಿನಲ್ಲಿ ಮಡಚುವ ಕುರ್ಚಿಗಳು, ಕಾಫಿ, ಹತ್ತಾರು ಜನ. ಮೂಲೆಯಲ್ಲಿ ಎರ್ಲಿಂಡಾ ಎಂಬ ಹೆಂಗಸು ಮೂಗಿನ ಮೇಲಿಂದ ಕೆಂಪು ಕರವಸ್ತ್ರ ಕಟ್ಟಿಕೊಂಡು ಕೂತಿದ್ದಳು. ಹಿಡಿದು ಗಡೀಪಾರು ಮಾಡುವವರಿಗೆ ಗುರುತು ಸಿಗಬಾರದೆಂದು ಅವರೆಲ್ಲ ಹೊರಗಿನವರ ಎದುರು ಹಾಗೆ ಕಟ್ಟಿಕೊಳ್ಳುತ್ತಿದ್ದರು. ಅವಳ ಎದುರಿಗೆ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೆಲ್ಸೊ ಕೂತಿದ್ದ. ಕಣ್ಣು ಮುಚ್ಚಿ ಕೇಳುತ್ತಿದ್ದ. ಪಕ್ಕದಲ್ಲಿ ಸಿಸ್ಟರ್ ಮ್ಯಾರಿಯನ್ ಎಂಬ ಸನ್ಯಾಸಿನಿ ಅವಳ ಸ್ಪ್ಯಾನಿಷ್ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಆಮೇಲೆ ಕೆಲ್ಸೊ ಏನೋ ಹೇಳಿದ, ಸಿಸ್ಟರ್ ಅದನ್ನು ಸ್ಪ್ಯಾನಿಷಿಗೆ ತಿರುಗಿಸಿದಳು. ಆ ಅರ್ಥವಾಗದ ಮಾತಿನ ನಡುವೆ ಬಂಗಾರೆವ್ವನಿಗೆ ಒಂದೇ ಒಂದು ಪದ ಸ್ಪಷ್ಟವಾಗಿ ಕೇಳಿಸಿತು. ಪಂಚಮಿ.

ಕರವಸ್ತ್ರದ ಮೇಲಿನ ಕಣ್ಣು ನಕ್ಕಿತು.

ನನ್ನ ಪಂಚಮಿ! ಬಂಗಾರೆವ್ವನಿಗೆ ಹೊಟ್ಟೆಯಲ್ಲಿ ಒಲೆ ಹೊತ್ತಿದಂತಾಯಿತು. ಕೊಟ್ಟದ್ದು ವಾಷಿಂಗ್ಟನ್ನಿಗೆ ಒಯ್ಯಲೆಂದು, ಕಂಡವರಿಗೆ ಹಂಚಲೆಂದಲ್ಲ. ನನ್ನ ಮನೆಯಲ್ಲಿ ಸೋಫಾದ ತುದಿಯಲ್ಲಿ ಕೂತವನು ಇಲ್ಲಿ ನೆಲದ ಮೇಲೆ ಕೂರುತ್ತಾನೆಯೇ? ನಾನು ಅರ್ಜಿ ಹಾಕಿ, ಪ್ರಮಾಣ ಮಾಡಿ, ಸಾಲಿನಲ್ಲಿ ನಿಂತು ಕಾಲು ಸೋತವಳು. ಇವಳು ಬೇಲಿ ಹಾರಿ ಬಂದು ಸಾಲಿನ ತಲೆಗೇ ಕೂತಳಲ್ಲ! ಎಳ್ಳುಂಡಿಯ ಡಬ್ಬಿಯನ್ನು ಕೊಡದೆ ಹಾಗೆಯೇ ಮನೆಗೆ ತಂದು, ಆ ಸಂಜೆ ಅರ್ಧ ತಾನೇ ತಿಂದಳು.

"ಸಾಹೇಬ್ರು ಎರಡಕ್ಕೂ ಹೋರಾಡಾಕತ್ಯಾರ" ಎಂದ ಗುರುಶಾಂತಪ್ಪ. ಪಕ್ಕದ ಊರು ನೆವಾರ್ಕಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅವನಿಗೆ ಎಲ್ಲವನ್ನೂ ತೂಗಿ ನೋಡುವ ಚಾಳಿ. "ಮಸೂದೆಯೊಳಗ ನಿನ್ನ ತಮ್ಮನ ವರ್ಗ ಉಳೀಬೇಕು. ಯುದ್ಧ ಮುಗಿಯೂತನಕ ಆ ಮಂದೀನ ತಿರುಗಿ ಕಳಿಸಬಾರದು ಅನ್ನೂದೂ ಅದರಾಗ ಸೇರಬೇಕು. ಒಂದು ಆದ್ರ ಇನ್ನೊಂದು ಆಗಬಾರದು ಅಂತೇನಿಲ್ಲಲ್ಲ?"

"ಹಂಗಂದ್ರ ಎರಡ್ನೂ ಮಾಡ್ತಾರೇನು?"

"ಅದನ್ನ ಅವರು ಹೇಳಿಲ್ಲ. ಅಡ್ಡಗೋಡಿ ಮ್ಯಾಲ ದೀಪಾ ಇಟ್ಟಂಗ ಮಾತಾಡ್ತಾರ. ಒಂದ ಬಿಡ್ರಿ, ಒಂದ ಹಿಡಕೋರಿ ಅಂದ್ರ ಯಾವುದು ಬಿಡ್ತಾರೋ ಯಾರಿಗ್ಗೊತ್ತು."

ಗಂಡಸರಿಗೆ ಹೆಂಡತಿಗೆ ಯಾವಾಗ ಏನು ಹೇಳಬಾರದೆಂಬುದು ತಿಳಿಯುವುದೇ ಇಲ್ಲ. ಆ ರಾತ್ರಿಯಿಂದ ಬಂಗಾರೆವ್ವನ ಪಾಲಿಗೆ ಎರ್ಲಿಂಡಾ ಎಂದರೆ ವಿರುಪಾಕ್ಷಿಯ ಕುರ್ಚಿಯಲ್ಲಿ ಕೂತವಳು.

ಮರುವರ್ಷದ ವಸಂತದಲ್ಲಿ ಮಸೂದೆಯನ್ನು ಪರಿಶೀಲಿಸುತ್ತಿದ್ದ ಉಪಸಮಿತಿಯ ಸದಸ್ಯರು ವಾಷಿಂಗ್ಟನ್ನಿನಿಂದ ಬಂದು ಹೇವರ್ಡಿನ ಒಂದು ಸಭಾಭವನದಲ್ಲಿ ಜನರ ಅಹವಾಲು ಕೇಳಿದರು. ಕೆಲ್ಸೊ ನಡುವೆ ಕೂತಿದ್ದ. ಅವನ ಪಕ್ಕದಲ್ಲಿ ಬೇರೆ ರಾಜ್ಯದ ಒಬ್ಬ ಬೋಳುತಲೆಯ ಸದಸ್ಯ. ವಲಸೆ ಎಂದರೆ ಅವನಿಗೆ ಆಗದು ಎಂದು ನಿರುಪಮಾ ಮೊದಲೇ ಎಚ್ಚರಿಸಿದ್ದಳು. ಸಾಕ್ಷಿ ಹೇಳುವವರ ಮೇಜಿನ ಮುಂದೆ ಎರ್ಲಿಂಡಾ ಮತ್ತು ಬಂಗಾರೆವ್ವ ಒಬ್ಬರ ಪಕ್ಕ ಒಬ್ಬರು. ಬಂಗಾರೆವ್ವ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು, ಮೂಗಿಗೆ ನತ್ತು ಇಟ್ಟಿದ್ದಳು. ಆದರೇನು, ಸಭೆಯೆಲ್ಲ ನೋಡಿದ್ದು ಮುಖ ಮುಚ್ಚಿಕೊಂಡವಳನ್ನೇ.

ಎರ್ಲಿಂಡಾ ಮೊದಲು ಮಾತಾಡಿದಳು. ತನಗೆ ಒಬ್ಬ ತಮ್ಮನಿದ್ದ, ಹಳ್ಳಿಯ ಶಾಲೆಯಲ್ಲಿ ಕಲಿಸುತ್ತಿದ್ದ. ಬಸ್ಸಿನಿಂದ ಸೈನಿಕರು ಇಳಿಸಿಕೊಂಡು ಹೋದರು. ಆಮೇಲೆ ರಸ್ತೆಯ ಬದಿಯಲ್ಲಿ ಸಿಕ್ಕ, ಅಂಗಿಯಿಂದ ಗುರುತು ಹಿಡಿದೆ. ಇಷ್ಟೇ. ಸಿಸ್ಟರ್ ಮ್ಯಾರಿಯನ್ ಇಂಗ್ಲಿಷಿಗೆ ತಿರುಗಿಸಿ ಮುಗಿಸಿದಳು. ಕೆಲ್ಸೊ ಕಣ್ಣು ಒರೆಸಿಕೊಂಡ.

ಬಂಗಾರೆವ್ವನಿಗೂ ಮರುಕವಾಯಿತು, ಆಗಲಿಲ್ಲವೆಂದರೆ ಸುಳ್ಳು. ಆದರೆ ಮರುಕದ ಬೆನ್ನಿಗೇ ಇನ್ನೊಂದು ಬಂತು, ಅದು ಹೆಚ್ಚು ಬಲವಾಗಿತ್ತು. ಸತ್ತ ತಮ್ಮನ ಮುಂದೆ ನನ್ನ ಬದುಕಿರುವ ತಮ್ಮನ ಮಾತನ್ನು ಯಾರು ಕೇಳುತ್ತಾರೆ? ಬಸ್ಸು ಹತ್ತಿ ಬಂದ ನನ್ನ ತಮ್ಮನ ಕಥೆ ಬಸ್ಸಿನಿಂದ ಇಳಿದು ಹೋದ ಇವಳ ತಮ್ಮನ ಕಥೆಯ ಮುಂದೆ ಯಾವ ಮೂಲೆಗೆ? ಇವಳು ಹೆಣದಲ್ಲೂ ನನ್ನನ್ನು ಗೆದ್ದಳು. ಇಂಥ ಯೋಚನೆ ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಯೋಚನೆ ಮಾತ್ರ ಹೋಗಲಿಲ್ಲ.

ಅವಳ ಸರದಿ ಬಂತು. ಕಲಿತು ಬಂದದ್ದನ್ನೆಲ್ಲ ಹೇಳಿದಳು. ಸಭೆ ಮರ್ಯಾದೆಗೆ ಕೇಳಿತು. ಆಗ ಬೋಳುತಲೆಯವನು ಮುಂದಕ್ಕೆ ಬಾಗಿ ಬಹಳ ಸಿಹಿಯಾಗಿ ಕೇಳಿದ: "ಅಮ್ಮಾ, ಕುಟುಂಬದ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದಿರಿ. ನಿಮಗೆ ಒಟ್ಟು ಎಷ್ಟು ಜನ ಅಣ್ಣತಮ್ಮಂದಿರು?"

ಆ ದಿನ ಮೊದಲ ಬಾರಿಗೆ ಒಬ್ಬರು ಅವಳನ್ನು ಅಕ್ಕರೆಯಿಂದ ಕೇಳಿದ್ದರು. ಪಕ್ಕದಲ್ಲಿ ಒಬ್ಬನೇ ತಮ್ಮನಿದ್ದವಳು ಕೂತಿದ್ದಳು. ಬಂಗಾರೆವ್ವನ ಬೆನ್ನು ನೆಟ್ಟಗಾಯಿತು. ದೊಡ್ಡಪ್ಪನ ಮಕ್ಕಳು, ಕಾಕಾನ ಮಕ್ಕಳು, ದೊಡ್ಡವ್ವ ಚಿಗವ್ವರ ಮಕ್ಕಳು, ಎಲ್ಲರೂ ಪಂಚಮಿಗೆ ಒಂದೇ ಜೋಕಾಲಿಯ ಹಗ್ಗ ಜಗ್ಗಿದವರೇ. ನತ್ತು ಸರಿಮಾಡಿಕೊಂಡು ಸಭೆಗೆಲ್ಲ ಕೇಳುವಂತೆ ಹೇಳಿದಳು.

"ಎಲೆವೆನ್ ಬ್ರದರ್ಸ್!"

ಸಭೆ ಗೊಳ್ಳೆಂದು ನಕ್ಕಿತು. ಬೋಳುತಲೆಯವನು ನಗಲಿಲ್ಲ. ಅವನು ಕಾಯುತ್ತಿದ್ದದ್ದೇ ಇದಕ್ಕೆ. "ಹನ್ನೊಂದು!" ಎಂದು ಸಭೆಯ ಕಡೆ ತಿರುಗಿದ. "ಹೋದ ವರ್ಷದಿಂದ ನನ್ನ ಮಿತ್ರ ಕೆಲ್ಸೊ ನಮಗೆ ಒಬ್ಬ ಅಕ್ಕ, ಒಬ್ಬ ತಮ್ಮ ಎಂದು ಕಣ್ಣೀರು ತರಿಸುವ ಕಥೆ ಹೇಳುತ್ತಿದ್ದಾರೆ. ಹನ್ನೊಂದು ಜನ ಬರುತ್ತಾರೆ. ಅವರ ಹೆಂಡಿರು ಬರುತ್ತಾರೆ. ಆ ಹೆಂಡಿರಿಗೂ ಹನ್ನೊಂದು ಜನ ಅಣ್ಣತಮ್ಮಂದಿರು. ಇದು ಕುಟುಂಬವೋ, ಊರೋ?"

ಕೆಲ್ಸೊನ ಮುಖ ಬಿಳಿಚಿತು. ಅವನ ಬಳಿ ಇದ್ದದ್ದು ಒಬ್ಬನೇ ವಿರುಪಾಕ್ಷಿ. ಉಳಿದ ಹತ್ತು ಜನ ಎಲ್ಲಿಂದ ಉದುರಿದರೆಂದು ಅವನಿಗೂ ತಿಳಿಯದು. ಬಂಗಾರೆವ್ವನಿಗೆ ಏನೋ ಕೆಟ್ಟಿತೆಂದು ಗೊತ್ತಾಯಿತು, ಏನು ಕೆಟ್ಟಿತೆಂದು ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಗುರುಶಾಂತಪ್ಪ ಹಣೆಗೆ ಕೈ ಹಚ್ಚಿಕೊಂಡಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮನ ದಾರಿಗೆ ತಾನೇ ಮುಳ್ಳು ಎಳೆದಿದ್ದಳು.

ಆಗ ಪಕ್ಕದಲ್ಲಿದ್ದವಳು ಅವಳ ಮೊಣಕೈ ಮುಟ್ಟಿದಳು. ಸಿಸ್ಟರ್ ಮ್ಯಾರಿಯನ್ ಈ ಹನ್ನೊಂದರ ರಗಳೆಯನ್ನೂ ಅವಳ ಕಿವಿಯಲ್ಲಿ ಹೇಳಿದ್ದಿರಬೇಕು. ಎರ್ಲಿಂಡಾ ಕರವಸ್ತ್ರದ ಒಳಗಿಂದಲೇ ಏನೋ ಕೇಳಿದಳು. ಗದ್ದಲದಲ್ಲಿ ಕೇಳಿಸಲಿಲ್ಲ.

"ಏನು?" ಎಂದು ಬಂಗಾರೆವ್ವ ಕನ್ನಡದಲ್ಲೇ ಗದರಿದಳು. "ಏನಂತೀ? ಬಾಯಿ ಬಿಟ್ಟು ಹೇಳು!"

ಎರ್ಲಿಂಡಾ ಕರವಸ್ತ್ರವನ್ನು ಗಲ್ಲಕ್ಕೆ ಎಳೆದುಕೊಂಡಳು. ಬಂಗಾರೆವ್ವ ಅಂದುಕೊಂಡದ್ದಕ್ಕಿಂತ ಚಿಕ್ಕವಳು, ವಿರುಪಾಕ್ಷಿಯ ವಯಸ್ಸೇ ಇದ್ದೀತು. "ಪ್ರಿಮೋಸ್ ಎರ್ಮಾನೋಸ್?" ಎಂದು ಬಿಡಿಸಿ ಕೇಳಿದಳು. ಸಿಸ್ಟರ್ ಮ್ಯಾರಿಯನ್ನಳ ಮುಖ ಅರಳಿತು. ಅವಳು ಎದ್ದು ನಿಂತು ಮೈಕಿಗೆ ಹೇಳಿದಳು: "ಇವರು ಹೇಳುತ್ತಿರುವುದು ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೂ ಸೇರಿಸಿ ಇರಬೇಕು ಎನ್ನುತ್ತಾರೆ ಎರ್ಲಿಂಡಾ. ಅವರ ಊರಿನಲ್ಲೂ ಅವರನ್ನು ಅಣ್ಣತಮ್ಮ ಎಂದೇ ಕರೆಯುತ್ತಾರಂತೆ. ಒಂದೇ ತಾಯಿಯ ಮಕ್ಕಳೆಷ್ಟು ಎಂದು ಕೇಳಿ."

"ಒಬ್ಬನ!" ಎಂದು ಬಂಗಾರೆವ್ವ ಕೂಗಿದಳು. "ಒಂದ ಹೊಟ್ಟ್ಯಾಗ ಹುಟ್ಟಿದಾಂವ ಒಬ್ಬನ! ಒನ್! ಓನ್ಲಿ ಒನ್!"

ಕೆಲ್ಸೊ ತಕ್ಷಣ, "ಕಾನೂನಿಗೂ ಬೇಕಾಗಿರುವುದು ಆ ಒಬ್ಬನೇ. ದಾಖಲೆಯಲ್ಲಿ ಹಾಗೆಂದು ಬರೆದುಕೊಳ್ಳಿ" ಎಂದ. ಬೋಳುತಲೆಯವನು ಹಿಂದಕ್ಕೆ ಒರಗಿದ. ಎಲ್ಲ ಕ್ಯಾಮೆರಾಗಳೂ ಮಿಂಚಿದವು. ಎರ್ಲಿಂಡಾ ಕರವಸ್ತ್ರವನ್ನು ಮತ್ತೆ ಮೇಲೆಳೆದುಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು.

ಮನೆಗೆ ಮರಳುವಾಗ ಫ್ರೀವೇ ಮೇಲೆ ಗುರುಶಾಂತಪ್ಪ ಕಾರನ್ನು ಬಲಗಡೆಯ ಸಾಲಿಗೆ ತಂದ. ಆಮೇಲೆ ಹೇಳಿದ. "ಇಂಗ್ಲಿಷಿನ್ಯಾಗ ಅವರಿಗೆ ಕಸಿನ್ ಅಂತಾರ. ಬ್ರದರ್ ಅಲ್ಲ."

"ಕಸಿನ್ ಅಂದ್ರ ನೀವ! ನನ್ನ ಸ್ವಾದರಮಾವನ ಮಗಾ ನೀವು, ಕಸಿನ್ ಹೌದೋ ಅಲ್ಲೋ? ಕೈ ಹಿಡದಾಂವಗೂ ಅದ ಮಾತು, ಕೂಡಿ ಬೆಳೆದ ಅಣ್ಣಗೂ ಅದ ಮಾತು ಅಂದ್ರ ಅದೆಂಥಾ ಹೊಲಸ ಭಾಷಾ ರೀ? ನನ್ನ ಬಾಯಾಗ ಅದು ಬರೂದಿಲ್ಲ."

ಗುರುಶಾಂತಪ್ಪನಿಗೆ ನಗು ಬಂತು. "ಅಡ್ಡಿಯಿಲ್ಲ ಬಿಡು. ಆಕಿ ಉಳಿಸಿದ್ಲು."

ಆ ಮಾತೇ ಅವಳಿಗೆ ಹತ್ತಿಕೊಂಡದ್ದು. ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಬೇರೆ ಯಾರಾದರೂ ಉಳಿಸಬಾರದಿತ್ತೇ? ತನ್ನ ಸಾಕ್ಷಿಯ ದಿನವೂ ಕೊನೆಗೆ ಅವಳದೇ ಆಯಿತಲ್ಲ! ಮರುದಿನ ಪೇಪರಿನಲ್ಲಿ ಫೋಟೋ ಬಂತು. ಎರ್ಲಿಂಡಾಳ ಮುಖ ದೊಡ್ಡದಾಗಿ, ಗಲ್ಲದ ಕೆಳಗೆ ಕರವಸ್ತ್ರ. ಅಂಚಿನಲ್ಲಿ ಇಳಕಲ್ ಸೀರೆಯ ಸೆರಗು ಮತ್ತು ಬಂಗಾರೆವ್ವನ ಮೊಣಕೈ. ಇಡೀ ಬೆಳಗು ಅವಳು ಆ ಮೊಣಕೈಯನ್ನೇ ನೋಡುತ್ತಾ ಕುದಿದಳು.

ಮಧ್ಯಾಹ್ನ ನಿರುಪಮಾ ಬಂದಳು. ಪೇಪರನ್ನು ಮಡಚಿ ಆಚೆ ಇಟ್ಟಳು. "ಅವ್ಳ ಮುಖ ಎಲ್ಲಾರಿಗೂ ಗೊತ್ತಾಗೋಯ್ತು ಬಂಗಾರಕ್ಕ. ಇನ್ನು ಮಸೂದೆ ಪಾಸಾಗಿ ಅವ್ರದ್ದೂ ಅದ್ರಲ್ಲಿ ಉಳೀಬೇಕು, ಇಲ್ಲಾಂದ್ರೆ ಇಲ್ಲಿರೋಕಾಗಲ್ಲ. ಚರ್ಚಿಂದ ಹೊರಗೇ ಬರ್ತಿಲ್ವಂತೆ. ಯಾಕ್ ಬಟ್ಟೆ ತೆಗೆದ್ಲೋ ಗೊತ್ತಿಲ್ಲ."

ಯಾಕೆಂದು ಬಂಗಾರೆವ್ವನಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳು ಎಂದು ಗದರಿದವಳು ತಾನೇ. ನಿರುಪಮಾಗೆ ಅದನ್ನು ಹೇಳಲಿಲ್ಲ. ಚಹಾ ಮಾಡಲೇನು ಎಂದು ಕೇಳಿದಳು.

ಬೇಸಿಗೆಯೆಲ್ಲ ಮಸೂದೆ ಆ ಸದನದಿಂದ ಈ ಸದನಕ್ಕೆ ಅಲೆಯಿತು. ಬಂಗಾರೆವ್ವ ದಿನಾ ಸಂಜೆ ದೇವರ ಮುಂದೆ ವಿರುಪಾಕ್ಷಿಗಾಗಿ ಬೇಡಿಕೊಂಡಳು. ಇನ್ನೊಬ್ಬಳಿಗಾಗಿಯೂ ಬೇಡಬೇಕೆಂದು ಎಷ್ಟೋ ಸಲ ಅನಿಸಿತು. ಆದರೆ ಎರಡು ಬೇಡಿದರೆ ದೇವರೂ ಒಂದನ್ನು ಬಿಡಬಹುದು ಎಂಬ ಹೆದರಿಕೆ. ಬೇಡಲಿಲ್ಲ.

ಹಿತ್ತಲಿನ ನಿಂಬೆ ಗಿಡದ ಎಲೆಯ ಮೇಲೆ ಚಳಿ ಕೂರುವ ಹೊತ್ತಿಗೆ ಕೆಲ್ಸೊ ಫೋನು ಮಾಡಿದ. ತಾನಾಗಿ, ನಿರುಪಮಾಳ ಕೈಯಿಂದಲ್ಲ. ಕಾನೂನು ಆಯಿತು. ಐದನೆಯ ವರ್ಗ ಹಾಗೆಯೇ ಉಳಿಯಿತು; ವಿರುಪಾಕ್ಷಪ್ಪನ ಸರದಿ ಬಂದೇ ಬರುತ್ತದೆ. "ನಿಮ್ಮ ಪಂಚಮಿ ಗೆದ್ದಿತು" ಎಂದ. "ಇನ್ನೊಂದನ್ನು ಕೊನೆಯ ದಿನ ಕೈಬಿಡಬೇಕಾಯಿತು. ಅದಿದ್ದರೆ ಇಡೀ ಮಸೂದೆಯೇ ಬಿದ್ದುಹೋಗುತ್ತದೆ ಎಂದರು. ನಾನು ಒಪ್ಪಿದೆ" ಎಂದ.

ಬಂಗಾರೆವ್ವನಿಗೆ ಮೊದಲು ಆದದ್ದು ಸಂತೋಷ. ತಮ್ಮ ಬರುತ್ತಾನೆಂಬ ಸಂತೋಷ ಮಾತ್ರವಲ್ಲ. ಕೊನೆಗೂ ಸಾಹೇಬರು ಹಿಡಿದುಕೊಂಡದ್ದು ನನ್ನನ್ನು, ಬಿಟ್ಟದ್ದು ಅವಳನ್ನು ಎಂಬ ಸಂತೋಷ. ಫೋನು ಕೆಳಗಿಟ್ಟ ಮೇಲೂ ಅದು ಎದೆಯಲ್ಲಿ ಕುಣಿಯುತ್ತಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

ಎರ್ಲಿಂಡಾ ಕೆನಡಾಕ್ಕೆ ಹೊರಟಿದ್ದಾಳೆ, ಅಲ್ಲಿ ಆಶ್ರಯ ಕೊಡುತ್ತಾರಂತೆ ಎಂದು ನಿರುಪಮಾಳಿಂದ ತಿಳಿಯಿತು. ಬಂಗಾರೆವ್ವ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ದೂರದ ದಾರಿಗೆ ಕಟ್ಟುವ ಹಾಗೆ ಬಿಳಿಯ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಚರ್ಚಿಗೆ ಹೋದಳು. ಎರ್ಲಿಂಡಾ ಹಿಂದಿನ ಹಾಲಿನಲ್ಲಿ ಒಂದು ಸಣ್ಣ ಸೂಟ್‌ಕೇಸಿನ ಪಕ್ಕ ಕೂತಿದ್ದಳು, ಮುಖಕ್ಕೆ ಬಟ್ಟೆಯಿಲ್ಲ. ಸಿಸ್ಟರ್ ಮ್ಯಾರಿಯನ್ ಇಬ್ಬರ ನಡುವೆ ಕುರ್ಚಿ ಹಾಕಿಕೊಂಡಳು.

ಬಂಗಾರೆವ್ವ ಏನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎರ್ಲಿಂಡಾನೇ ಮಾತಾಡಿದಳು.

"ನಿಮ್ಮ ತಮ್ಮ ಬರುತ್ತಾರಂತೆ, ಕೇಳಿದೆ ಎನ್ನುತ್ತಾಳೆ" ಎಂದಳು ಸಿಸ್ಟರ್. "ಇವಳಿಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚಂತೆ. ಸಾಹೇಬರು ನಿಮ್ಮ ಪಂಚಮಿಯ ಕಥೆ ಹೇಳಿದ ದಿನದಿಂದಲೂ. ಅವತ್ತು ಸಭೆಯಲ್ಲಿ ನೀವು ಹನ್ನೊಂದು ಎಂದಾಗ ಬಹಳ ಆಯಿತಂತೆ. ಕ್ಷಮಿಸಬೇಕಂತೆ."

ತನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುವವರೂ ಇದ್ದಾರೆಂದು ಬಂಗಾರೆವ್ವನಿಗೆ ಒಂದು ದಿನವೂ ಹೊಳೆದಿರಲಿಲ್ಲ. "ಆದ್ರೂ ನೀ ಅವತ್ತ ನನ್ನ ಉಳಿಸಿದೆಲ್ಲ" ಎಂದಳು, ಕನ್ನಡದಲ್ಲಿ. ಅದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು, "ನಿಮ್ಮ ಕಡೆಯೂ ಹಾಗೆಯೇ ಎಣಿಸುತ್ತೀರಿ ಎಂದಿರಿ. ಹಾಗೆ ಎಣಿಸಿದರೆ ನಿಮಗೆ ಎಷ್ಟು ಜನ?"

"ಸಭೆಯಲ್ಲಿ ಒಬ್ಬನದನ್ನು ಮಾತ್ರ ಹೇಳು, ಕಾನೂನಿಗೆ ಒಡಹುಟ್ಟಿದವನೇ ಬೇಕು ಎಂದು ನಾವೇ ಹೇಳಿಕೊಟ್ಟಿದ್ದೆವು" ಎಂದು ಸಿಸ್ಟರ್ ಮೆಲ್ಲಗೆ ಹೇಳಿ, ಪ್ರಶ್ನೆಯನ್ನು ದಾಟಿಸಿದಳು.

ಎರ್ಲಿಂಡಾ ಏಳು ಬೆರಳು ಎತ್ತಿದಳು. ಆಮೇಲೆ ಒಂದೊಂದೇ ಹೆಸರು ಹೇಳುತ್ತಾ ಒಂದೊಂದೇ ಬೆರಳು ಮಡಿಸತೊಡಗಿದಳು. ರಾಮಿರೊ. ನೆಲ್ಸನ್. ಚೆಪೆ. ಯಾವ ಹೆಸರಿಗಾದರೂ ಬೆರಳು ನಿಲ್ಲಬಹುದೆಂದು ಬಂಗಾರೆವ್ವ ನೋಡುತ್ತಲೇ ಇದ್ದಳು. ಕೊನೆಯ ಬೆರಳೂ ಮಡಚಿಕೊಂಡಿತು, ಒಬ್ಬನೂ ಉಳಿಯಲಿಲ್ಲ. ಬಂಗಾರೆವ್ವ ಬುತ್ತಿಯ ಗಂಟನ್ನು ಆ ಮುಚ್ಚಿದ ಕೈಗಳ ಮೇಲಿಟ್ಟಳು.